ತಾಳ ಎಲ್ಲಿ ಹೋಯ್ತು? ಮಂಕಾದ ಸ್ಪೀಕರ್ ಹಿಂದೆ ಬಿದ್ದ ಒಂದು ಭಾನುವಾರ

ನಮಸ್ಕಾರ ಎಲ್ಲಾರ್ಗೂ, ಇವತ್ತು ದೇವರಾಯನದುರ್ಗ ತೋರಿಸ್ತೀನಿ ಅಂತ ಹೇಳಿದ್ದೆ ಅಲ್ವಾ, ಬೈಕ್ ಕೂಡ ತೊಳೆದು ಇಟ್ಟಿದ್ದೆ, ಆದ್ರೆ ಬೆಳಿಗ್ಗೆ ಆರೂವರೆಗೆ ನಮ್ಮಮ್ಮ ಅಡುಗೆಮನೆಯಿಂದಾನೇ ಕೂಗಿದ್ರು, "ಏನೋ ಇದು, ಭಜನೇಲಿ ತಾಳಾನೇ ಕೇಳ್ತಿಲ್ಲ, ಎಲ್ಲಿ ಹೋಯ್ತೋ?" ಅಂತ. ಅಷ್ಟೇ, ಬೆಟ್ಟ ಅಲ್ಲೇ ಇತ್ತು, ನಾನು ಮನೇಲೇ ಉಳ್ಕೊಂಡೆ.

ಹೊಸಬರಿಗೆ ಹೇಳ್ಬಿಡ್ತೀನಿ, ನಾವಿರೋದು ತುಮಕೂರು ಬಟವಾಡಿ ಕಡೆ, ಬಿ.ಎಚ್. ರೋಡಿನ ಲಾರಿ ಸದ್ದು ಮನೆ ಒಳಗೇ ಬರುತ್ತೆ, ವಿಡಿಯೋ ಮಧ್ಯೆ ಮಧ್ಯೆ ಹಾರ್ನ್ ಕೇಳಿದ್ರೆ ಅಡ್ಜಸ್ಟ್ ಮಾಡ್ಕೊಳಿ. ಇದು ಅಪ್ಪನ ಕಾಲದ ಮ್ಯೂಸಿಕ್ ಸೆಟ್ಟು. ಒಂದು ಆಂಪ್ಲಿಫೈಯರ್, ಎರಡು ಮರದ ಬಾಕ್ಸು, ಒಂದೊಂದು ಬಾಕ್ಸಲ್ಲೂ ಕೆಳಗೆ ದಪ್ಪ ದನಿಗೆ ದೊಡ್ಡ ವೂಫರ್, ಮೇಲೆ ಚೂಪು ದನಿಗೆ ಪುಟಾಣಿ ಟ್ವೀಟರ್. ಹಬ್ಬಕ್ಕೆ ಅಂತ ಹೋದ ವಾರ ಹಾಲ್‌ಗೆ ಪೇಂಟ್ ಮಾಡಿಸಿದ್ವಿ, ಸೆಟ್ಟನ್ನೆಲ್ಲಾ ಎತ್ತಿ ರೂಮಲ್ಲಿ ಇಟ್ಟು, ಆಮೇಲೆ ವಾಪಸ್ ತಂದು ಜೋಡಿಸಿದ್ದು ನಾನೇ. ಈ ಮಾತು ನೆನಪಿಟ್ಕೊಳಿ, ಮುಂದೆ ಬೇಕಾಗುತ್ತೆ.

ನಾನೂ ಕೂತು ಕೇಳಿದೆ. ಹೌದು ಕಣ್ರೀ, ಕಂಬಳಿ ಹೊದ್ದುಕೊಂಡು ಹಾಡ್ತಿದಾರೇನೋ ಅನ್ನಂಗಿತ್ತು, ತಬಲಾದ ಎಡಗೈ ಗುಮ್ ಗುಮ್ ಅಂತ ಚೆನ್ನಾಗೇ ಕೇಳ್ತಿದೆ, ಆದ್ರೆ ತಾಳದ ಜಿಣ್ ಇಲ್ಲ, ಹಾಡೋರ ಸಕಾರ ಶಕಾರ ಎಲ್ಲಾ ಮೊಂಡು ಮೊಂಡು.

ಮೊದಲು ಬೈದಿದ್ದು ಬ್ಲೂಟೂತ್‌ನ. ಅದಕ್ಕೂ ಕಾರಣ ಇದೆ, ಎಷ್ಟೋ ಸಲ ಫೋನು ಅಥವಾ ಲ್ಯಾಪ್‌ಟಾಪು ಕಾಲ್ ಮೋಡಿಗೆ ಹೋಗ್ಬಿಟ್ಟಿರುತ್ತೆ, ಆಗ ಹಾಡು ಕೂಡ ಟೆಲಿಫೋನಲ್ಲಿ ಕೇಳಿದಂಗೇ ಬರುತ್ತೆ. ಅದನ್ನ ತೆಗೆದು ವೈರ್ ಹಾಕಿ ಕೇಳಿದೆ, ಪಿನ್ ಪೂರ್ತಿ ಒಳಗೆ ಹೋಗಿದ್ಯಾ ಅಂತಾನೂ ಒತ್ತಿ ನೋಡ್ದೆ. ಅದೇ ಮಂಕು. ಚೂಪು ದನಿ ಏರ್ಸಿ ಇಳ್ಸೋ ಟ್ರೆಬಲ್ ನಾಬ್ ಮಧ್ಯದಲ್ಲೇ ಇದೆ, ಪೇಂಟ್ ಧೂಳು ಕೂತಿರ್ಬೋದು ಅಂತ ಮುಂದಿನ ಬಟ್ಟೆ ಗ್ರಿಲ್ ಬಿಚ್ಚಿ ಕೊಡವಿದೆ, ಧೂಳು ಬಂತು, ತಾಳ ಬರ್ಲಿಲ್ಲ.

ಆಮೇಲೆ ಬ್ಯಾಲೆನ್ಸ್ ನಾಬ್ ಪೂರ್ತಿ ಬಲಕ್ಕೆ ತಿರುಗಿಸಿದೆ, ಪಿಟೀಲು ಫಳಫಳ ಅಂತ ಬಂತು. ಎಡಕ್ಕೆ ತಿರುಗಿಸಿದೆ, ಗುಮ್ಮಂತ ಆಯ್ತು. ಅಂದ್ರೆ ರೋಗ ಒಂದು ಕಡೆ ಮಾತ್ರ. ಆದ್ರೆ ಆ ಒಂದು ಕಡೆ ಅಂದ್ರೆ ಆಂಪ್ಲಿಫೈಯರ್‌ನ ಎಡಗಡೇನಾ, ಎಡಗಡೆ ಬಾಕ್ಸಾ? ನನಗೆ ಕೈ ಕಡೀತಿತ್ತು, ಸ್ಕ್ರೂಡ್ರೈವರ್ ಹಿಡ್ಕೊಂಡೇ ಇದ್ದೆ, ಅಷ್ಟರಲ್ಲಿ ಶಿರಾ ಗೇಟ್‌ನಲ್ಲಿರೋ ನಮ್ಮ ಸೋದರಮಾವನಿಗೆ ಫೋನ್ ಹಾಕ್ದೆ, ಅವರು ಒಂದು ಕಾಲದಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡ್ತಿದ್ದೋರು. "ಏ, ಬಿಚ್ಬೇಡ ಕಣೋ, ಮೊದ್ಲು ಪವರ್ ಆಫ್ ಮಾಡು, ಆಂಪ್ ಹಿಂದೆ ಎಡದ ವೈರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಕೇಳು" ಅಂದ್ರು.

ಇದೊಂದು ನೋಡಿ, ಈ ವಿಡಿಯೋದಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಇದೇ. ಅದಲು ಬದಲು ಮಾಡಿ ಅದೇ ಭಜನೆ ಹಾಕ್ದೆ, ತಾಳ ಬಂತು! ಜಿಣ್ ಜಿಣ್ ಅಂತ, ಬಲಗಡೆ ಬಾಕ್ಸಿಂದ. ಅಮ್ಮ ಅಲ್ಲಿಂದಾನೇ "ಹಾಂ, ಸರಿ ಹೋಯ್ತು" ಅಂದ್ರು. ಎಲ್ಲಿ ಸರಿ ಹೋಗಿದ್ದು, ಈಗ ಪಿಟೀಲು ಮಂಕಾಗಿತ್ತು. ಏನಾಗಿದೆ ಅಂದ್ರೆ, ಆ ಹಳೇ ರೆಕಾರ್ಡಿಂಗಲ್ಲಿ ತಾಳಾನ ಎಡ ಚಾನೆಲ್‌ಗೆ, ಪಿಟೀಲನ್ನ ಬಲ ಚಾನೆಲ್‌ಗೆ ದೂಡಿದಾರೆ, ಸ್ಟೀರಿಯೋದಲ್ಲಿ ಹಂಗೆ ಮಾಡೋದು ಮಾಮೂಲಿ. ಅದಕ್ಕೇ ಅಮ್ಮಂಗೆ ಸೌಂಡ್ ಕಮ್ಮಿ ಆಗಿದೆ ಅಂತ ಅನಿಸ್ಲಿಲ್ಲ, ತಾಳಾನೇ ಕಾಣೆ ಆಗಿದೆ ಅನಿಸ್ತು. ಮಂಕು ಅದೇ ಎಡಗಡೆ ಬಾಕ್ಸಲ್ಲೇ ಉಳ್ಕೊಂತು, ಅಂದ್ರೆ ಆಂಪ್ಲಿಫೈಯರ್ ನಿರ್ದೋಷಿ. ಒಂದು ವೇಳೆ ಮಂಕು ಬಲಗಡೆ ಬಾಕ್ಸಿಗೆ ಓಡಿ ಹೋಗಿದ್ರೆ ಆಂಪ್ ಅಥವಾ ಅದರ ಹಿಂದಿನದು ಕೆಟ್ಟಿದೆ ಅಂತ ಅರ್ಥ. ವೈರ್ ಮೇಲೆ ಅನುಮಾನ ಪಡೋರಿಗೆ ಒಂದು ಮಾತು, ವೈರ್ ಕಟ್ಟಾದ್ರೆ ಬಾಕ್ಸು ಪೂರ್ತಿ ಮಲಗುತ್ತೆ, ಬರೀ ಜಿಣ್ ಅನ್ನೋದನ್ನ ಮಾತ್ರ ನುಂಗಲ್ಲ.

ಹಳೇ ಕ್ಯಾಲೆಂಡರ್ ಹಾಳೆ ಸುತ್ತಿ ಕೊಳವೆ ಮಾಡಿ, ವಾಲ್ಯೂಮ್ ತೀರಾ ಕಮ್ಮಿ ಇಟ್ಟು, ಟ್ವೀಟರ್ ಮುಂದೆ ಹಿಡಿದು ಕಿವಿ ಕೊಟ್ಟೆ. ಬಲಗಡೆ ಟ್ವೀಟರು ಚಿಸ್ ಚಿಸ್ ಅಂತಿದೆ, ಎಡಗಡೇದು ಮೌನವ್ರತ.

ಇಲ್ಲಿ ನನ್ನ ಎದೆ ಧಸಕ್ ಅಂತು. ಯಾಕಂದ್ರೆ ಈ ಬಾಕ್ಸುಗಳನ್ನ ಹೋದ ವರ್ಷ ನಮ್ಮ ಬೀದಿ ಗಣೇಶನಿಗೆ ಕೊಟ್ಟಿದ್ದೆ, ಹುಡುಗ್ರು ಒಂದು ಚಿಕ್ಕ ಆಂಪ್‌ಗೆ ಹಾಕಿ ಫುಲ್ ವಾಲ್ಯೂಮ್ ಕೊಟ್ಟಿದ್ರು. ದೊಡ್ಡ ಆಂಪೇ ಸ್ಪೀಕರ್ ಸುಡೋದು ಅನ್ಕೊಂತಾರೆ ಎಲ್ಲಾರೂ, ಚಿಕ್ಕದೂ ಸುಡುತ್ತೆ. ಶಕ್ತಿ ಮೀರಿ ತಿರುಗಿಸಿದ್ರೆ ಆಂಪಿಂದ ಬರೋ ಸಿಗ್ನಲ್ ಅಲೆಯ ತಲೆ ಕಟ್ಟಾಗಿ ಚಪ್ಪಟೆ ಆಗುತ್ತೆ, ಅದರಿಂದ ಹುಟ್ಟೋ ಕರ್ಕಶ ಎಲ್ಲಾ ಟ್ವೀಟರ್ ಕಡೇನೇ ಹೋಗೋದು, ಅದರ ಕಾಯಿಲ್ಲು ಕೂದಲೆಳೆ ತಂತಿದು, ಬಿಸಿ ತಡ್ಕೊಳಲ್ಲ. ಹುಡುಗ್ರಿಗೆ ಮನಸಲ್ಲೇ ಮಂಗಳಾರತಿ ಮಾಡ್ತಾ, ಬೆಂಗಳೂರಿಗೆ ರೈಲು ಹತ್ತಿ ಎಸ್.ಪಿ. ರೋಡಲ್ಲಿ ಟ್ವೀಟರ್ ಹುಡುಕ್ಬೇಕಲ್ಲಪ್ಪಾ ಅಂತ ಲೆಕ್ಕ ಹಾಕ್ತಿದ್ದೆ.

ಮಾವ ಮತ್ತೆ ಫೋನಲ್ಲಿ, "ಮೀಟರ್ ಐತಾ? ಆಂಪ್ ವೈರ್ ಕಿತ್ತಾಕು, ಬಾಕ್ಸ್ ಹಿಂದೆ ಅಳೆ" ಅಂದ್ರು. ನಮ್ಮ ಬಾಕ್ಸ್ ಹಿಂದೆ ಎರಡಲ್ಲ, ವೈರ್ ಸಿಕ್ಕಿಸೋ ನಾಲ್ಕು ಟರ್ಮಿನಲ್ ಇವೆ, ಕೆಳಗೆ ಒಂದು ಜೊತೆ, ಮೇಲೆ ಒಂದು ಜೊತೆ. ಎಡಗಡೆ ಬಾಕ್ಸಲ್ಲಿ ಕೆಳಗಿನ ಜೊತೆ 6.2 ಓಮ್ ತೋರಿಸ್ತು, 8 ಓಮ್ ಅಂತ ಬರೆದಿರೋ ಸ್ಪೀಕರ್ ಮೀಟರಲ್ಲಿ ಆರು ಏಳರ ಹತ್ರ ತೋರಿಸೋದು ಸರೀನೇ. ಮೇಲಿನ ಜೊತೆ? ಏನೂ ಇಲ್ಲ, ಓಪನ್, ಅಂದ್ರೆ ಕರೆಂಟ್ ಹರಿಯೋಕೆ ದಾರೀನೇ ಇಲ್ಲ. "ಮಾವ, ಸುಟ್ಟೋಗಿದೆ" ಅಂದೆ. "ಸರಿ ಇರೋ ಬಾಕ್ಸನ್ನ ಅಳೆದ್ಯಾ?" ಅಂದ್ರು. ಇಲ್ಲ, ಅಳೆದಿರ್ಲಿಲ್ಲ.

ಬಲಗಡೇದು ಅಳೆದೆ, ಮೇಲೆ 6.2, ಕೆಳಗೂ 6.2. ಎರಡೂ ಒಂದೇ ಹೆಂಗೆ ಬಂತು ಅಂತ ಟಾರ್ಚ್ ಬಿಟ್ಟು ನೋಡಿದ್ರೆ, ಮೇಲಿನ ಕೆಂಪಿಗೂ ಕೆಳಗಿನ ಕೆಂಪಿಗೂ ಒಂದು ಹಳದಿ ತಗಡಿನ ಪಟ್ಟಿ, ಕಪ್ಪಿಗೂ ಕಪ್ಪಿಗೂ ಇನ್ನೊಂದು. ಎಡಗಡೆ ಬಾಕ್ಸಲ್ಲಿ ಪಟ್ಟಿಗಳೇ ಇಲ್ಲ! ಕೆಳಗಿನ ಜೊತೆ ವೂಫರ್‌ಗೆ, ಮೇಲಿನದು ಟ್ವೀಟರ್‌ಗೆ, ಬೇಕಾದ್ರೆ ಎರಡಕ್ಕೂ ಬೇರೆ ಬೇರೆ ವೈರ್ ಎಳೀಲಿ ಅಂತ ಕಂಪನಿಯೋರು ಹಂಗೆ ಕೊಟ್ಟಿರ್ತಾರೆ, ಒಂದೇ ವೈರ್ ಹಾಕೋ ನಮ್ಮಂಥೋರಿಗೆ ಆ ಪಟ್ಟಿನೇ ಸೇತುವೆ. ಪೇಂಟ್ ಟೈಮಲ್ಲಿ ಪಟ್ಟಿ ಕಳಚಿದೆ, ನಾನು ವಾಪಸ್ ಜೋಡಿಸುವಾಗ ಕೆಳಗಿನ ಜೊತೆಗೆ ಮಾತ್ರ ವೈರ್ ಕೊಟ್ಟು ಕೈ ತೊಳ್ಕೊಂಡಿದೀನಿ. ವೂಫರ್‌ಗೆ ಹೋಗೋ ದಾರೀಲಿ ಒಂದು ಕಾಯಿಲ್ಲು ಚೂಪು ದನಿಗಳನ್ನೆಲ್ಲಾ ತಡೆದು ನಿಲ್ಸಿರುತ್ತೆ, ಟ್ವೀಟರ್‌ಗೆ ಕರೆಂಟೇ ಇಲ್ಲ, ಇನ್ನು ತಾಳ ಎಲ್ಲಿಂದ ಬರ್ಬೇಕು.

"ಹಂಗಾದ್ರೆ ಓಪನ್ ಯಾಕೆ ತೋರಿಸ್ತು ಮಾವ?" ಅಂದೆ. "ಬಲಗಡೆ ಪಟ್ಟಿನೂ ಬಿಚ್ಚಿ ಅಳೆ" ಅಂದ್ರು, ಅದೂ ಮೇಲೆ ಓಪನ್ ತೋರಿಸ್ತು. ಟ್ವೀಟರ್ ಮುಂದೆ ಸರಣಿಯಾಗಿ ಒಂದು ಕೆಪಾಸಿಟರ್ ಕೂತಿದೆ, ದಪ್ಪ ದನಿ ಒಳಗೆ ಬಿಡಬಾರದು ಅನ್ನೋದು ಅದರ ಕೆಲಸ, ಮೀಟರ್ ಕಳ್ಸೋದು ಬ್ಯಾಟರಿಯ ಡಿಸಿ, ಅಂದ್ರೆ ಒಂದೇ ದಿಕ್ಕಿಗೆ ಹರಿಯೋ ಕರೆಂಟು, ಅದನ್ನಂತೂ ಅದು ಬಿಡೋದೇ ಇಲ್ಲ. ಅಂದ್ರೆ ಹೊರಗಿಂದ ಅಳೆದು ಟ್ವೀಟರ್ ಸತ್ತಿದೆ ಅನ್ನೋಕಾಗಲ್ಲ, ನಾನು ಆಗಲೇ ತಿಥಿ ಮಾಡಿಬಿಟ್ಟಿದ್ದೆ. ಗಣೇಶನ ಹುಡುಗ್ರೇ, ಸಾರಿ ಕಣ್ರೋ.

ಬಲಗಡೆ ಪಟ್ಟಿ ವಾಪಸ್ ಬಿಗಿದೆ, ಎಡಗಡೆಗೆ ಮನೆ ವೈರಿಂಗಲ್ಲಿ ಉಳಿದಿದ್ದ 1.5 ಸ್ಕ್ವೇರ್ ಎಂಎಂ ತಾಮ್ರದ ತಂತಿ ಎರಡು ತುಂಡು ಮಾಡಿ, ತುದಿ ಸುಲಿದು, ಕೆಂಪಿಗೆ ಕೆಂಪು ಕಪ್ಪಿಗೆ ಕಪ್ಪು ಹಾಕ್ದೆ, ಕೆಂಪೂ ಕಪ್ಪೂ ತಾಗಬಾರದು, ತಾಗಿದ್ರೆ ಆಂಪಿಗೆ ಶಾರ್ಟು. ಆನ್ ಮಾಡಿದೆ, ತಾಳ ಬಂತು, ಪಿಟೀಲೂ ಬಂತು, ಆದ್ರೆ ಈಗ ಗುಮ್ಮೇ ಹೋಯ್ತು! ಹಾಡೋರು ಮಧ್ಯದಲ್ಲಿ ಕೂತಿಲ್ಲ, ಎರಡು ಗೋಡೆಗೆ ಹರಡ್ಕೊಂಡಿದಾರೆ. ಇದು ಮಾತ್ರ ನಂಗೆ ತಕ್ಷಣ ಗೊತ್ತಾಯ್ತು, ಆಂಪ್ ಹಿಂದೆ ಒಂದು ಬಾಕ್ಸಿನ ಕೆಂಪು ಕಪ್ಪು ತಿರುಗಾಮುರುಗಾ ಆಗಿತ್ತು, ಒಂದು ವೂಫರ್ ಮುಂದಕ್ಕೆ ತಳ್ಳಿದಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತೆ, ದಪ್ಪ ದನಿ ಒಂದನ್ನೊಂದು ತಿಂದ್ಹಾಕುತ್ತೆ. ಆಫ್ ಮಾಡಿ ಸರಿ ಮಾಡ್ದೆ.

ಈಗ ಹಾಕ್ತೀನಿ, ಇಯರ್‌ಫೋನ್ ಹಾಕ್ಕೊಳಿ, ಫೋನ್ ಸ್ಪೀಕರಲ್ಲಿ ವ್ಯತ್ಯಾಸ ಸರಿಯಾಗಿ ಗೊತ್ತಾಗಲ್ಲ. ಮೊದಲು ಬೆಳಿಗ್ಗೆ ರೆಕಾರ್ಡ್ ಮಾಡಿದ್ದು... ಈಗಿಂದು.

ಪಟ್ಟಿ ಸಿಕ್ತು, ಹೇಳೋದು ಮರ್ತೆ. ಪೇಂಟರು ನೆಲದಲ್ಲಿ ಬಿದ್ದಿದ್ದನ್ನ ಎತ್ತಿ ಅಮ್ಮನ ಕೈಗೆ ಕೊಟ್ಟಿದ್ರಂತೆ, ಅಮ್ಮ ಅದನ್ನ ಅಂಗಿ ಗುಂಡಿ ಡಬ್ಬೀಲಿ ಭದ್ರವಾಗಿ ಇಟ್ಟಿದಾರೆ, "ಏನೋ ಚಿನ್ನದ ಬಣ್ಣ ಇತ್ತಲ್ಲ ಅಂತ ಎತ್ತಿಟ್ಟೆ" ಅಂತಾರೆ. ಸದ್ಯಕ್ಕೆ ತಾಮ್ರದ ತಂತೀನೇ ಓಡ್ತಿದೆ. ಅಮ್ಮ ಮಾತ್ರ ಭಜನೆ ಪೂರ್ತಿ ಕೇಳಿ ಎದ್ದು ಹೋಗ್ತಾ, "ತಾಳ ಹಾಕೋನು ಸ್ವಲ್ಪ ಅವಸರ ಮಾಡ್ತಾನೆ ಕಣೋ, ಕೇಳ್ದೆ ಇದ್ದಾಗಲೇ ಚೆನ್ನಾಗಿತ್ತು" ಅಂದ್ರು.