8.40 ಎಲ್ಲಿ, 4.36 ಎಲ್ಲಿ!

ಕೇಳುಗರೇ, ನಮಸ್ಕಾರ.

ಸೋಲಾರ್ ಅಂದ ಕೂಡಲೇ ಪ್ಯಾನಲ್‌ಗೆ ಎಷ್ಟಾಗುತ್ತದೆ ಅಂತ ಕೇಳುತ್ತೇವೆ. ಅನುಮತಿಗೆ ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳುವವರು ಕಡಿಮೆ. ಲಾಭ ನಷ್ಟ ಬಹುಪಾಲು ತೀರ್ಮಾನವಾಗುವುದು ಮಾತ್ರ ಆ ದಿನಗಳಲ್ಲೇ.

2014ರಲ್ಲಿ ಕರ್ನಾಟಕ ಸರ್ಕಾರ ಜಮೀನಿರುವ ರೈತರಿಗಾಗಿ ಒಂದು ಯೋಜನೆ ತಂದಿತು. ಸ್ವಂತ ಹೊಲದಲ್ಲಿ 1ರಿಂದ 3 ಮೆಗಾವ್ಯಾಟ್ ಘಟಕ ಹಾಕಿ, ಕರೆಂಟನ್ನು ವಿದ್ಯುತ್ ವಿತರಣಾ ಕಂಪನಿಗೆ, ಅಂದರೆ ಎಸ್ಕಾಂಗೆ ಮಾರಬಹುದು. ಯೂನಿಟ್‌ಗೆ 8 ರೂಪಾಯಿ 40 ಪೈಸೆ. ಆದರೆ ಒಪ್ಪಂದವಾಗಿ 18 ತಿಂಗಳೊಳಗೆ ಘಟಕ ಶುರುವಾಗಬೇಕು.

ಒಂದೂವರೆ ವರ್ಷ ಜಾಸ್ತಿನೇ ಆಯ್ತು ಅಲ್ವಾ? ಪ್ಯಾನಲ್ ಕೂರಿಸುವುದು ಕೆಲವೇ ತಿಂಗಳ ಕೆಲಸ. ಆದರೆ ಅದಕ್ಕೂ ಮೊದಲು ಭೂ ಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಅನುಮತಿ ಆಗಬೇಕು. ಪಹಣಿ, ಸರ್ವೆ ನಕ್ಷೆ ಹಿಡಿದು ತಾಲ್ಲೂಕು ಕಚೇರಿ, ಡಿಸಿ ಕಚೇರಿ ಅಲೆಯಬೇಕು. ಸಬ್‌ಸ್ಟೇಷನ್‌ಗೆ ಲೈನ್ ಎಳೆಯಲು ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಒಪ್ಪಬೇಕು. ಕೊನೆಗೆ ವಿದ್ಯುತ್ ಪರಿವೀಕ್ಷಕರು ಬಂದು ನೋಡಿ ಸಹಿ ಹಾಕಬೇಕು. ಒಂದು ಫೈಲು ನಿಂತರೆ ಮುಂದಿನದ್ದೆಲ್ಲ ನಿಂತಂತೆಯೇ.

ಎಷ್ಟೋ ಘಟಕಗಳು ತಡವಾದವು. ಕರೆಂಟಿನ ದರ ನಿಗದಿ ಮಾಡುವ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಅಂಥವರ ದರವನ್ನು 4 ರೂಪಾಯಿ 36 ಪೈಸೆಗೆ ಇಳಿಸಿತು. ಗ್ರಾಹಕರ ಕಡೆಯಿಂದ ನೋಡಿದರೆ ಇದರಲ್ಲೂ ನ್ಯಾಯವಿದೆ. ಅಷ್ಟರಲ್ಲಿ ಪ್ಯಾನಲ್ ಅಗ್ಗವಾಗಿತ್ತು, ಹಳೇ ದರದ ಹೊರೆ ಬೀಳುವುದು ನಮ್ಮ ನಿಮ್ಮ ಬಿಲ್ಲಿನ ಮೇಲೆ. ಆದರೆ ಘಟಕದವರ ಲೆಕ್ಕವನ್ನೂ ನೋಡಿ. 1 ಮೆಗಾವ್ಯಾಟ್ ಘಟಕ ವರ್ಷಕ್ಕೆ ಸುಮಾರು 15 ಲಕ್ಷ ಯೂನಿಟ್ ಕೊಡುತ್ತದೆ. ಯೂನಿಟ್‌ಗೆ 4 ರೂಪಾಯಿ ಕಡಿಮೆಯಾದರೆ ವರ್ಷಕ್ಕೆ 60 ಲಕ್ಷ ಖೋತಾ. ಸಾಲ ಕೊಟ್ಟ ಬ್ಯಾಂಕು ಕಂತನ್ನೇನೂ ಅರ್ಧ ಮಾಡುವುದಿಲ್ಲ.

ಹೀಗೆ ದರ ಕಡಿತವಾದ ಹಿರೇಹಳ್ಳಿ ಸೋಲಾರ್ ಘಟಕದ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2024ರ ಆಗಸ್ಟ್‌ನಲ್ಲಿ ತೀರ್ಪು ಬಂತು: ಸರ್ಕಾರಿ ಕಚೇರಿಗಳಲ್ಲಿ ಆದ ವಿಳಂಬಕ್ಕೆ ಘಟಕದವರ ದರ ಕಡಿಯುವಂತಿಲ್ಲ, 8.40 ಕೊಡಲೇಬೇಕು. ಒಪ್ಪಂದವಾಗಿದ್ದು 2015ರಲ್ಲಿ. ಗೆದ್ದವರೂ ಒಂಬತ್ತು ವರ್ಷ ಕಾದರು!

ಹೀಗೆ ಕಾಯುವಾಗ ಆಮದು ನಿಯಮವೂ ಸುಮ್ನೆ ಕೂತಿರುವುದಿಲ್ಲ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಚೀನಾ, ಮಲೇಷ್ಯಾದ ಸೆಲ್ ಮತ್ತು ಪ್ಯಾನಲ್‌ಗಳ ಮೇಲೆ ದೇಶೀ ತಯಾರಕರನ್ನು ಕಾಯಲು ಶೇಕಡಾ 25ರ ಸುಂಕ ಹಾಕಿತು. 2022ರ ಏಪ್ರಿಲ್‌ನಲ್ಲಿ ಪ್ಯಾನಲ್‌ಗೆ ಶೇಕಡಾ 40 ಕಸ್ಟಮ್ಸ್ ಸುಂಕ ಬಂತು. ಜಿಎಸ್‌ಟಿ 5ರಿಂದ 12ಕ್ಕೆ ಏರಿ, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ 5ಕ್ಕೆ ಬಂತು. ದೇಶದಲ್ಲೇ ಪ್ಯಾನಲ್ ತಯಾರಾಗಲಿ ಅನ್ನುವುದು ಸರಿಯೇ. ಆದರೆ ಭೂ ಪರಿವರ್ತನೆ ಆರು ತಿಂಗಳು ಜಗ್ಗಿ, ಅಷ್ಟರಲ್ಲಿ ಸುಂಕ ಏರಿದರೆ ಆ ವ್ಯತ್ಯಾಸ ಯಾರ ತಲೆಗೆ? ದೊಡ್ಡ ಕಂಪನಿ ಮೊದಲೇ ಮಾಲು ತರಿಸಿ ಗೋದಾಮಿನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಮೆಗಾವ್ಯಾಟಿನವರಿಗೆ ಅದು ಆಗದ ಮಾತು.

ಅನುಮತಿ ಹಗುರ ಮಾಡಲು ಬರುವುದಿಲ್ಲ ಅಂತೇನಿಲ್ಲ. ಮನೆ ಚಾವಣಿಯ ವಿಷಯದಲ್ಲಿ ಮಾಡಿ ತೋರಿಸಿದ್ದಾರೆ. 2024ರ ಫೆಬ್ರುವರಿಯ ಕೇಂದ್ರ ನಿಯಮದಂತೆ, 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಅರ್ಜಿ ಒಪ್ಪಬೇಕು. ಹೊಲದ ಘಟಕಗಳಿಗೂ ಒಂದು ಗಡುವು ಇರಲಿ, ಮೀರಿದರೆ ಒಪ್ಪಂದದ ಅವಧಿ ತಾನಾಗಿ ಅಷ್ಟು ದಿನ ಮುಂದಕ್ಕೆ ಹೋಗಲಿ. ಕೋರ್ಟಿಗೆ ಹೋಗುವ ಪ್ರಸಂಗವೇ ಬರುವುದಿಲ್ಲ.

ಅಲ್ಲಿಯವರೆಗೆ, ಕೇಂದ್ರದ ಕುಸುಮ್‌ನಂಥ ಸೋಲಾರ್ ಯೋಜನೆಗೆ ಹೊಲ ಕೊಡಲು ಹೊರಟವರು ಒಂದು ಕೆಲಸ ಮಾಡಿ. ಯಾವ ಕಚೇರಿಗೆ ಅರ್ಜಿ ಕೊಟ್ಟರೂ ತಾರೀಖು, ಸೀಲು ಇರುವ ಸ್ವೀಕೃತಿ ಪಡೆಯಿರಿ. ನಾಳೆ ತಡ ಯಾರಿಂದ ಆಯಿತು ಎಂದು ಕೇಳಿದರೆ ತೋರಿಸಲು ಅದೇ ಬೇಕು.

ನಮಸ್ಕಾರ.