ಮೂರನೇ ವಾರ ಏನು ಮಾಡ್ತಾರೆ?

ಕೇಳುಗರೆ, ನಮಸ್ಕಾರ.

ಮೊನ್ನೆ ರಾತ್ರಿ ಒಂಬತ್ತಕ್ಕೆ ನಾವು ನಾಲ್ಕು ಜನ ಸ್ನೇಹಿತರು ಒಂದು ವಾದ ಶುರು ಮಾಡಿದೆವು. ಹನ್ನೆರಡಾದರೂ ಮುಗಿಯಲಿಲ್ಲ. ಆಸ್ತಿ ವಿಷಯ ಅಲ್ಲ, ರಾಜಕೀಯವೂ ಅಲ್ಲ. ನಮಗೆಲ್ಲ ತುಂಬಾ ಇಷ್ಟವಾದ ಒಂದು ಬಾಹ್ಯಾಕಾಶ ಧಾರಾವಾಹಿ ಮುಗಿದುಹೋಗಿದೆ. ಅದರಿಂದ ಇನ್ನೊಂದು ಧಾರಾವಾಹಿ ಹುಟ್ಟುವುದಾದರೆ ಅದು ಯಾರ ಕಥೆಯಾಗಬೇಕು? ಇದು ನಮ್ಮ ಜಗಳ. ತಯಾರಿಸುವವರು ನಮ್ಮನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ನಾವಂತೂ ಕುಲಾವಿಗೆ ಬಣ್ಣ ಯಾವುದು ಅಂತಲೂ ಹೊಡೆದಾಡುವ ಜನ.

ಇಂಥ ಧಾರಾವಾಹಿಗಳಿಗೆ ಸ್ಪೇಸ್ ಒಪೇರಾ ಅಂತ ಹೆಸರು. ಗಗನನೌಕೆ, ದೂರದ ಗ್ರಹ, ಸಾಮ್ರಾಜ್ಯ, ಯುದ್ಧ, ಜೊತೆಗೆ ಒಂದಿಷ್ಟು ಕಣ್ಣೀರು. 1941ರಲ್ಲಿ ವಿಲ್ಸನ್ ಟಕರ್ ಎಂಬ ಅಮೆರಿಕದ ಅಭಿಮಾನಿ ಈ ಮಾತನ್ನು ಹುಟ್ಟುಹಾಕಿದ್ದು ಬೈಗುಳವಾಗಿ. ಆಗ ಅಲ್ಲಿನ ರೇಡಿಯೊದಲ್ಲಿ ಸೋಪು ಕಂಪನಿಗಳ ದುಡ್ಡಿನಲ್ಲಿ ಅಳುಬುರುಕ ನಾಟಕಗಳು ದಿನಾ ಬರುತ್ತಿದ್ದವು. ಅವುಗಳಿಗೆ ಸೋಪ್ ಒಪೇರಾ ಎನ್ನುತ್ತಿದ್ದರು. ಹಳಸಿದ ಗಗನನೌಕೆ ಕಥೆಗಳಿಗೂ ಅದೇ ಅಚ್ಚಿನಲ್ಲಿ ಒಂದು ಹೆಸರು ಬಿತ್ತು. ಅಂದರೆ ಈ ಬೈಗುಳದ ತವರುಮನೆ ರೇಡಿಯೊ. ಹಾಗಾಗಿ ಇವತ್ತು ಇಲ್ಲಿ ಕೂತು ಇದನ್ನೆಲ್ಲ ಹೇಳೋದಕ್ಕೆ ನನಗೇನೂ ಸಂಕೋಚ ಇಲ್ಲ.

ಒಂದು ಧಾರಾವಾಹಿಯಿಂದ ಹೀಗೆ ಹುಟ್ಟುವ ಇನ್ನೊಂದಕ್ಕೆ ಸ್ಪಿನ್-ಆಫ್ ಅಂತಾರೆ. ಅಂದರೆ ದೊಡ್ಡ ಮನೆಯಿಂದ ಹೊರಟು ಬೇರೆ ಸಂಸಾರ ಹೂಡುವುದು. ಹಳೆ ಮನೆಯ ನಾಲ್ಕು ಪಾತ್ರೆ ತಗೊಂಡು ಹೋಗಬಹುದು. ಆದರೆ ಒಲೆ ತಾನೇ ಹಚ್ಚಬೇಕು.

ನಮ್ಮ ವಾದಕ್ಕೆ ಬರುತ್ತೇನೆ. ಮೊದಲನೆಯವನು, "ಕ್ಯಾಪ್ಟನ್ ಹುಡುಗನಾಗಿದ್ದಾಗಿನ ಕಥೆ ಬೇಕು" ಎಂದ. ಇನ್ನೊಬ್ಬನಿಗೆ ಖಳನಾಯಕನ ಕಥೆ ಬೇಕು, ಅವನು ಯಾಕೆ ಹಾಗಾದ ಅಂತ ತಿಳಿಯಬೇಕಂತೆ. ಎತ್ತು ಏರಿಗೆ, ಕೋಣ ನೀರಿಗೆ. ನಾನು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ. "ಸರಿ ಮಾರಾಯ, ಮೊದಲನೇ ವಾರ ನೋಡಿದ್ವಿ. ಮೂರನೇ ವಾರ ಅವನು ಏನು ಮಾಡ್ತಾನೆ?"

ಇಬ್ಬರೂ ಸುಮ್ಮನಾದರು. ಅಭಿಮಾನಿಗಳು ತರುವ ಎಷ್ಟೋ ಐಡಿಯಾಗಳ ಕಥೆ ಇಷ್ಟೇ. ಅವನ ಮುಖದ ಮೇಲೆ ಆ ಗಾಯದ ಗುರುತು ಹೇಗೆ ಬಂತು? ಅವಳು ಆ ಗ್ರಹ ಬಿಟ್ಟು ಯಾಕೆ ಬಂದಳು? ಇವು ಒಂದೇ ಉತ್ತರ ಇರುವ ಪ್ರಶ್ನೆಗಳು. ಉತ್ತರ ಸಿಕ್ಕಿತು, ಎದ್ದು ಮನೆಗೆ ಹೋಗಬಹುದು. ಧಾರಾವಾಹಿಗೆ ಬೇಕಾದದ್ದು ಪ್ರತಿ ವಾರ ಹೊಸದಾಗಿ ಬಾಗಿಲು ತಟ್ಟುವ ತೊಂದರೆ.

ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಧಾರಾವಾಹಿಯಿಂದ ಹುಟ್ಟಿ 1993ರಲ್ಲಿ ಶುರುವಾದ ಡೀಪ್ ಸ್ಪೇಸ್ ನೈನ್ ನೋಡಿ. ಸ್ಟಾರ್ ಟ್ರೆಕ್ ಅಂದರೆ ಹಡಗು, ಹಡಗು ಅಂದರೆ ಪ್ರಯಾಣ ಅಂತ ಎಲ್ಲರಿಗೂ ಅಭ್ಯಾಸ ಆಗಿತ್ತು. ಇಲ್ಲಿ ಹಡಗಿಗೆ ಬದಲು ಒಂದು ಬಾಹ್ಯಾಕಾಶ ನಿಲ್ದಾಣ. ಅದೂ ದಬ್ಬಾಳಿಕೆ ಮಾಡಿ ಹೋದ ಸೇನೆ ಬಿಟ್ಟುಹೋದ ಹಳೇ ನಿಲ್ದಾಣ. "ಇವರು ಎಲ್ಲಿಗೂ ಹೋಗೋದೇ ಇಲ್ಲವಲ್ಲ" ಎಂದು ಗೊಣಗಿದವರಲ್ಲಿ ನಾನೂ ಒಬ್ಬ. ಆಮೇಲೆ ಅರ್ಥವಾಯಿತು. ಹಡಗಿನವರು ಒಂದು ಗ್ರಹದಲ್ಲಿ ಎಡವಟ್ಟು ಮಾಡಿ ಮುಂದಿನ ವಾರ ಇನ್ನೊಂದು ಗ್ರಹಕ್ಕೆ ಜಾರಿಕೊಳ್ಳಬಹುದು. ನಿಲ್ದಾಣದವರಿಗೆ ಆ ಸುಖ ಇಲ್ಲ. ಹೋದ ವಾರ ಅವಮಾನ ಮಾಡಿ ಕಳಿಸಿದವನು ಈ ವಾರ ಎದುರಿಗೇ ಬಂದು ಕೂರುತ್ತಾನೆ. 176 ಕಂತು ನಡೆಯಿತು ಅದು. ತೊಂದರೆಗೆ ಬರ ಬರಲೇ ಇಲ್ಲ.

ಐಡಿಯಾ ಚೆನ್ನಾಗಿದ್ದರೆ ಸಾಕು ಅಂತಲೂ ಅಲ್ಲ. ಬ್ಯಾಬಿಲಾನ್ 5 ಎಂಬ ಧಾರಾವಾಹಿಯಿಂದ ಹುಟ್ಟಿದ ಕ್ರುಸೇಡ್‌ನಲ್ಲಿ ಭೂಮಿಗೆ ಒಂದು ಪಿಡುಗು ತಗುಲಿರುತ್ತದೆ. ಐದು ವರ್ಷದೊಳಗೆ ಮದ್ದು ಹುಡುಕಬೇಕು, ಇಲ್ಲದಿದ್ದರೆ ಎಲ್ಲರೂ ಸಾಯುತ್ತಾರೆ. ವಾರಕ್ಕೊಂದು ಕಡೆ ಹುಡುಕಾಟ. ನನ್ನ ಪ್ರಶ್ನೆಗೆ ಪಕ್ಕಾ ಉತ್ತರ ಅಲ್ವಾ? 1999ರಲ್ಲಿ 13 ಕಂತು ಬಂದವು. ವಿಚಿತ್ರ ಅಂದರೆ, ಮೊದಲನೇ ಕಂತು ಪ್ರಸಾರ ಆಗುವ ಮೊದಲೇ ಚಾನೆಲ್ ಅದನ್ನು ನಿಲ್ಲಿಸಿಬಿಟ್ಟಿತ್ತು. ಮದ್ದು ಸಿಗಲೇ ಇಲ್ಲ, ಪಾಪ.

ಹಿಂದಿನ ಕಾಲಕ್ಕೆ ಹೋಗುವ ಕಥೆಗಳ ಬಗ್ಗೆ ನಮ್ಮಲ್ಲಿ ಜಾಸ್ತಿ ಜಗಳ. ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಅಂದರೆ ಮನುಷ್ಯರಿಗೂ ರೋಬಾಟ್‌ಗಳಿಗೂ ನಡೆಯುವ ಯುದ್ಧದ ಧಾರಾವಾಹಿ. ಅದು ಮುಗಿದ ಮೇಲೆ ಬಂದ ಕ್ಯಾಪ್ರಿಕಾ 58 ವರ್ಷ ಹಿಂದಕ್ಕೆ ಹೋಯಿತು. ಯುದ್ಧನೌಕೆ ಇಲ್ಲ, ಹಡಗಿನ ಗಲಾಟೆ ಇಲ್ಲ. ರೈಲಿನಲ್ಲಿ ಬಾಂಬು ಸಿಡಿದು ಮಗಳನ್ನು ಕಳೆದುಕೊಂಡ ಒಬ್ಬ ಅಪ್ಪ. ಅವನಿಗೆ ರೋಬಾಟ್ ತಯಾರಿಸುವ ಕಂಪನಿ ಇದೆ. ಮಗಳನ್ನು ಹೇಗಾದರೂ ವಾಪಸು ತರುವ ಹಠದಲ್ಲಿ ಅವನು ಮಾಡುವ ಕೆಲಸದಿಂದಲೇ ಮುಂದಿನ ಅನಾಹುತ. ಒಂದೇ ಸೀಸನ್‌ಗೆ ನಿಂತಿತು. ನನ್ನ ಗೆಳೆಯನಿಗೆ ಬೋರ್. ನನಗೆ ಅದು ಇವತ್ತಿಗೂ ಇಷ್ಟ. ಹಡಗಿನ ಆಸೆಗೆ ಬಂದವರ ಮುಂದೆ ಸಂಸಾರದ ಕಥೆ ಇಟ್ಟರು, ಬಂದವರು ಎದ್ದು ಹೋದರು.

"ಕೊನೆ ಗೊತ್ತಿರೋ ಕಥೆ ಯಾರು ನೋಡ್ತಾರೆ?" ಅಂತ ಅವನು ಕೇಳಿದ. ಇದಕ್ಕೆ ನಾನು ಒಪ್ಪುವುದಿಲ್ಲ. ಸ್ಟಾರ್ ವಾರ್ಸ್ ಸಿನಿಮಾಗಳಿಂದ ಹುಟ್ಟಿದ ಆಂಡೋರ್ ಧಾರಾವಾಹಿ ಬರುತ್ತದೆ ಎಂದಾಗ ನಾನೂ ಮೂಗು ಮುರಿದಿದ್ದೆ. 2016ರ ರೋಗ್ ವನ್ ಸಿನಿಮಾದ ಕೊನೆಯಲ್ಲಿ ಸತ್ತುಹೋದ ಪಾತ್ರ ಅದು. ಅವನ ಹಿಂದಿನ ಕಥೆ ಕಟ್ಟಿಕೊಂಡು ನನಗೇನು? ಆಮೇಲೆ ಜೈಲಿನ ಕಂತುಗಳು ಬಂದವು. ಕೈದಿಗಳೆಲ್ಲ ಬರಿಗಾಲಲ್ಲಿ ಓಡಾಡುತ್ತಾರೆ. ನೆಲಕ್ಕೇ ಕರೆಂಟ್ ಕೊಡುವ ಏರ್ಪಾಡು, ಹಾಗಾಗಿ ಕಾವಲಿಗೆ ಹೆಚ್ಚು ಜನ ಬೇಕಿಲ್ಲ. ಮೇಜಿನ ಸುತ್ತ ನಿಂತು ದಿನವಿಡೀ ಯಾವುದೋ ಯಂತ್ರದ ಭಾಗ ಜೋಡಿಸುತ್ತಾರೆ. ಏನು ಮಾಡುತ್ತಿದ್ದೇವೆ ಅನ್ನೋದು ಅವರಿಗೇ ಗೊತ್ತಿಲ್ಲ. ಆ ಪಾದಗಳನ್ನು ನೋಡುತ್ತಾ ನಾನು ಕಾಲು ಎತ್ತಿ ಕುರ್ಚಿ ಮೇಲೆ ಇಟ್ಟುಕೊಂಡಿದ್ದೆ. ಆಂಡೋರ್ ಮುಂದೆ ಸಾಯುತ್ತಾನೆ ಅನ್ನೋದು ಆ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತದೆ?

ಅಭಿಮಾನಿಗಳ ಮಾತು ಪೂರ್ತಿ ಗಾಳಿಗೆ ಹೋಗುತ್ತದೆ ಅಂತಲೂ ಹೇಳುವಂತಿಲ್ಲ. ಸ್ಟಾರ್ ಟ್ರೆಕ್‌ನ ಮೊಟ್ಟಮೊದಲ ಪೈಲಟ್ ಕಂತಿನಲ್ಲಿ, ಅಂದರೆ ಚಾನೆಲ್‌ಗೆ ತೋರಿಸಲು ಮಾಡಿದ ಮಾದರಿ ಕಂತಿನಲ್ಲಿ, ಕ್ಯಾಪ್ಟನ್ ಹೆಸರು ಪೈಕ್. ಚಾನೆಲ್‌ಗೆ ಅದು ಹಿಡಿಸಲಿಲ್ಲ. ಇನ್ನೊಂದು ಪೈಲಟ್ ಮಾಡಿಸಿದರು, ಪೈಕ್ ಹೋಗಿ ಕರ್ಕ್ ಬಂದ. 1966ರಲ್ಲಿ ಪ್ರಸಾರ ಶುರುವಾಯಿತು. 2019ರಲ್ಲಿ ಡಿಸ್ಕವರಿ ಎಂಬ ಇನ್ನೊಂದು ಸ್ಟಾರ್ ಟ್ರೆಕ್ ಧಾರಾವಾಹಿಯ ಎರಡನೇ ಸೀಸನ್‌ಗೆ ಅದೇ ಪೈಕ್ ಅತಿಥಿಯಾಗಿ ಬಂದ. ಜನ ಪಟ್ಟು ಹಿಡಿದರು, ಈ ಕ್ಯಾಪ್ಟನ್‌ಗೆ ಅವನದೇ ಧಾರಾವಾಹಿ ಬೇಕು ಅಂತ. 2022ರಲ್ಲಿ ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಬಂತು. ಅರ್ಧ ಶತಮಾನಕ್ಕೂ ಮೊದಲು ಬೇಡ ಅಂದ ಮನುಷ್ಯನನ್ನೇ ಕರೆದು ಕೂರಿಸಿದರು. ಪೈಕ್‌ಗೆ ಮುಂದೆ ಎಂಥ ಗತಿ ಕಾದಿದೆ ಅಂತ ನಮಗೂ ಗೊತ್ತು, ಅವನಿಗೂ ಗೊತ್ತು. ಆದರೂ ವಾರಕ್ಕೊಂದು ಗ್ರಹ ಇದ್ದೇ ಇದೆ.

ಇಷ್ಟೆಲ್ಲ ಆಗುವ ತನಕ ನಮ್ಮ ನಾಲ್ಕನೆಯವಳು ಬಾಯೇ ಬಿಟ್ಟಿರಲಿಲ್ಲ. ಯಾವುದೋ ಲಕೋಟೆಯ ಹಿಂದೆ ಪೆನ್ನಿನಲ್ಲಿ ಚುಕ್ಕಿ ಇಡುತ್ತಾ ಕೂತಿದ್ದಳು. "ಕೊನೇ ಕಂತಲ್ಲಿ ದೊಡ್ಡ ಯುದ್ಧ ಆಯ್ತಲ್ಲ, ಅದರ ಕಸ ಯಾರು ಗುಡಿಸ್ತಾರೆ?" ಎಂದಳು.

ನಕ್ಕೆವು. ಅವಳು ನಗಲಿಲ್ಲ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಒಂದು ಬೋಲ್ಟು ಕೂಡ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ತಗುಲಿದರೆ ಹಡಗೇ ತೂತು. 2009ರಲ್ಲಿ ಬರೀ ಎರಡು ಉಪಗ್ರಹ ಡಿಕ್ಕಿ ಹೊಡೆದದ್ದಕ್ಕೆ, ಲೆಕ್ಕಕ್ಕೆ ಸಿಕ್ಕ ದೊಡ್ಡ ಚೂರುಗಳೇ ಸುಮಾರು 2,000. ಆ ಕೊನೇ ಕಂತಿನಲ್ಲಿ ನಮ್ಮವರ ನಲವತ್ತು ಹಡಗು ಒಡೆದಿವೆ. ಅವಳ ಧಾರಾವಾಹಿ ಆ ಕಸ ಗುಡಿಸುವವರದು: ಆರು ಜನ, ಒಂದು ಗುಜರಿ ಹಡಗು, ತೂಕದ ಮೇಲೆ ಕೂಲಿ. ಒಂದು ವಾರ ಅವಶೇಷದೊಳಗೆ ಇನ್ನೂ ಉಸಿರಾಡುತ್ತಿರುವ ಶತ್ರು ಸೈನಿಕ ಸಿಗುತ್ತಾನೆ. ಇನ್ನೊಂದು ವಾರ ಗಂಡನ ಹೆಣ ಹುಡುಕಿಕೊಡಿ ಅಂತ ಒಬ್ಬಳು ಬರುತ್ತಾಳೆ, ಅವಳೂ ಶತ್ರು ಕಡೆಯವಳೇ.

"ಮೂರನೇ ವಾರ?" ಎಂದೆ.

"ಒಡೆದ ಹಡಗಿನ ಕ್ಯಾಮೆರಾ ಸಿಗತ್ತೆ. ಮೊದಲು ಗುಂಡು ಹಾರಿಸಿದ್ದು ಯಾರು ಅಂತ ಅದರಲ್ಲಿದೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನೋಡಿ, ನಿಜವಾದ ಜಗಳ. ಹಳೇ ಕ್ಯಾಪ್ಟನ್ ಒಂದು ಸಲವಾದರೂ ಬರಬೇಕು ಅಂತ ಮೊದಲನೆಯವನು ಹಠ ಹಿಡಿದ. "ಅವನು ಬಂದರೆ ಅದು ಅವನದೇ ಕಥೆ ಆಗಿಬಿಡತ್ತೆ ಕಣೋ" ಎಂದಳು ಇವಳು. ಅವನು ಕೈ ಮುಗಿದ. ಕೊನೆಗೆ ಒಂದು ರಾಜಿ ಆಯಿತು. ಕ್ಯಾಪ್ಟನ್ ಬರುವುದಿಲ್ಲ, ಅವನ ಕುರ್ಚಿ ಸಿಗುತ್ತದೆ. ಅರ್ಧ ಸುಟ್ಟ ಕುರ್ಚಿ, ಕಾಲಿನ ಕೆಳಗೆ ಇನ್ನೂ ನೆಲದ ಒಂದು ತುಂಡು ಅಂಟಿಕೊಂಡಿದೆ, ಕತ್ತಲಲ್ಲಿ ನಿಧಾನಕ್ಕೆ ತಿರುಗುತ್ತಾ ತೇಲಿಬರುತ್ತದೆ.

ಹನ್ನೆರಡಾಗಿತ್ತು. ಎಲ್ಲರೂ ಎದ್ದೆವು. ಖಳನಾಯಕನ ಕಥೆ ಬೇಕು ಅಂದವನು ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ಹೋಗಿದ್ದ. ಅಲ್ಲೇ ನಿಂತು ಹಿಂದೆ ತಿರುಗಿದ.

"ಅಲ್ಲ, ಆ ಕುರ್ಚೀನ ಅವರು ತೂಕಕ್ಕೆ ಹಾಕ್ತಾರಾ, ಇಟ್ಕೋತಾರಾ?"

ಚಪ್ಪಲಿ ಬಿಟ್ಟು ವಾಪಸು ಬಂದು ಕೂತ.