ರೊಟ್ಟಿ ಮಾಡುವ ಅಕ್ಕನಿಗೂ ನನಗೂ ಒಂದೇ ಪ್ರತಿಜ್ಞೆಯೇ?

ಎಲ್ಲರಿಗೂ ಶರಣು ಶರಣಾರ್ಥಿ.

ಹೋದ ವಾರ ಕಲಬುರಗಿಯ ನಮ್ಮ ಓಣಿಯ ಮಹಿಳಾ ಸಂಘದಲ್ಲಿ ಒಂದು ಪ್ರತಿಜ್ಞೆ ಮಾಡಿದೆವು. 22 ಜನ, ಬಲಗೈ ಮುಂದೆ ಚಾಚಿ. ಬಿಸಿಲು ತಾಳಲಾಗುತ್ತಿಲ್ಲ, ನಮ್ಮ ಮನೆಗಳಿಂದ ಗಾಳಿಗೆ ಹೋಗುವ ಕಾರ್ಬನ್ ನಾವೇ ಇಳಿಸೋಣ ಅಂತ. ಒಬ್ಬರು ಅಚ್ಚು ಹಾಕಿಸಿದ ಹಾಳೆ ತಂದಿದ್ದರು. ಬಜಾರಿಗೆ ಬಟ್ಟೆ ಚೀಲ ಒಯ್ಯುತ್ತೇನೆ, ಖಾಲಿ ಕೋಣೆಯ ಫ್ಯಾನ್ ಆರಿಸುತ್ತೇನೆ, ಸೌದೆ ಒಲೆ ಬಿಡುತ್ತೇನೆ, ಒಂದು ಗಿಡ ನೆಡುತ್ತೇನೆ. ಎಲ್ಲರಿಗೂ ಅದೇ ಹಾಳೆ, ಕೆಳಗೆ ಸಹಿ.

ನಮ್ಮಲ್ಲೊಬ್ಬ ಅಕ್ಕ ಇದ್ದಾರೆ. ನಸುಕಿನಲ್ಲಿ ಎದ್ದು ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುವವರು. ಅವರು ಪೆನ್ನು ಹಿಡಿದು ಸುಮ್ಮನೆ ಕೂತರು. ಆಮೇಲೆ ಕೇಳಿದರು: "ಅಕ್ಕಾರ, ನಮ್ಮ ಮನ್ಯಾಗ ಇರೋದೇ ಒಂದು ಫ್ಯಾನ್. ಒಲಿ ಬಿಟ್ರ ಹೊಟ್ಟಿಗೇನ್ ಮಾಡ್ಲಿ? ನಾ ಬಿಡ್ಲಿಕ್ಕಿ ಏನದರಿ?"

ಯಾರಿಗೂ ಉತ್ತರ ಹೊಳೆಯಲಿಲ್ಲ. ಅವರು ಸಹಿ ಮಾಡಿದರು, ನಾವೆಲ್ಲ ಚಹಾ ಕುಡಿದು ಮನೆಗೆ ಬಂದೆವು. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಮನೆಗೆ ಬಂತು. ರಾತ್ರಿ ಕೂತು ಲೆಕ್ಕ ಹಾಕಿದೆ.

ಒಂದು ಗ್ಯಾಸ್ ಸಿಲಿಂಡರ್‌ನಲ್ಲಿ 14.2 ಕೆಜಿ ಅನಿಲ. ಒಂದು ಕೆಜಿ ಉರಿದರೆ ಸುಮಾರು 3 ಕೆಜಿ ಕಾರ್ಬನ್ ಡೈಆಕ್ಸೈಡ್. ಅಂದರೆ ಸಿಲಿಂಡರ್ ಒಂದಕ್ಕೆ 42 ಕೆಜಿ ಆಸುಪಾಸು. ಆ ಅಕ್ಕನ ಮನೆಯಲ್ಲಿ ಚಹಾಕ್ಕೆ, ಬ್ಯಾಳಿಗೆ ಅಷ್ಟೇ ಗ್ಯಾಸ್, ಸಿಲಿಂಡರ್ ಎರಡು ತಿಂಗಳು ಬರುತ್ತದೆ. ವರ್ಷಕ್ಕೆ ಆರು: 250 ಕೆಜಿ. ರೊಟ್ಟಿ ಬೇಯುವುದು ತೊಗರಿ ಕಟ್ಟಿಗೆಯ ಮೇಲೆ. ಆ ಕಟ್ಟಿಗೆಯಲ್ಲಿರುವ ಕಾರ್ಬನ್ ಹೋದ ಮುಂಗಾರಿನಲ್ಲಿ ಗಿಡ ಇದೇ ಗಾಳಿಯಿಂದ ಎಳೆದುಕೊಂಡದ್ದು. ಉರಿದಾಗ ಅದೇ ವಾಪಸ್ ಹೋಗುತ್ತದೆ. ನೆಲದಾಳದಿಂದ ತೆಗೆದ ಕಲ್ಲಿದ್ದಲಿನ ಲೆಕ್ಕ ಬೇರೆ.

ಈಗ ನನ್ನ ಮನೆ. ಮಲಗುವ ಕೋಣೆಯಲ್ಲಿ ಒಂದೂವರೆ ಟನ್ನಿನ ಎಸಿ. ರಾತ್ರಿ ಎಂಟು ತಾಸಿಗೆ ಸುಮಾರು 10 ಯೂನಿಟ್. ನಮ್ಮ ದೇಶದ ಕರೆಂಟ್ ಬಹುಪಾಲು ಕಲ್ಲಿದ್ದಲಿನದು, ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಅಂತ ಹಿಡಿಯಿರಿ. ರಾತ್ರಿಗೆ 7 ಕೆಜಿ. ಏಪ್ರಿಲ್, ಮೇ ಎರಡೇ ತಿಂಗಳು: 420 ಕೆಜಿ, ಹತ್ತು ಸಿಲಿಂಡರ್ ಉರಿಸಿದಷ್ಟು. ಆಕೆ ಇಡೀ ವರ್ಷ ಉರಿಸುವ ಗ್ಯಾಸಿಗಿಂತ ನನ್ನ ಎರಡು ತಿಂಗಳ ನಿದ್ದೆಯದೇ ಜಾಸ್ತಿ. ನಾವಿಬ್ಬರೂ ಒಂದೇ ಹಾಳೆಗೆ ಸಹಿ ಹಾಕಿದ್ದೇವೆ. ಇದು ನ್ಯಾಯ ಅಲ್ಲ.

ಪ್ರತಿಜ್ಞೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ನಾಲ್ಕು ಜನರ ಮುಂದೆ ಕೊಟ್ಟ ಮಾತಿಗೆ ದೊಡ್ಡ ಬಲ ಇದೆ. ಸಂಘದ ಸಾಲ ತೀರುವುದೂ ಅದೇ ಬಲದ ಮೇಲೆ ತಾನೆ? ಆದರೆ ಸಾಲ ಎಷ್ಟೋ ಕಂತು ಅಷ್ಟು. ಐದು ಸಾವಿರ ತಗೊಂಡವರಿಗೂ ಐವತ್ತು ಸಾವಿರ ತಗೊಂಡವರಿಗೂ ಒಂದೇ ಕಂತು ಹಾಕುವ ಸಂಘ ಎಲ್ಲಾದರೂ ಉಂಟಾ? ಕಾರ್ಬನ್ ವಿಷಯದಲ್ಲೂ ಹಾಗೇ ಆಗಬೇಕು. ಹೆಚ್ಚು ಉರಿಸುವವರು ಹೆಚ್ಚು ಬಿಡಬೇಕು, ಮೊದಲು ಬಿಡಬೇಕು.

ಏನು ಬಿಡುವುದು? ನಮ್ಮ ಊರಿಗೆ ತಕ್ಕಂತೆ ಯೋಚಿಸೋಣ. ಬ್ಯಾಸಿಗೆಯಲ್ಲಿ 42, 43 ಡಿಗ್ರಿ ಏರುವ ಊರಲ್ಲಿ ಎಸಿ ಕಿತ್ತು ಬಿಸಾಡಿ ಅಂತ ಯಾರಿಗೂ ಹೇಳಲಾರೆ, ಮನೆಯಲ್ಲಿ ವಯಸ್ಸಾದವರಿರುತ್ತಾರೆ, ಕೂಸುಗಳಿರುತ್ತವೆ. ಆದರೆ ಆರ್‌ಸಿಸಿ ಮಾಳಿಗೆ ದಿನವಿಡೀ ಬಿಸಿಲು ಕುಡಿದು ರಾತ್ರಿಯೆಲ್ಲ ನಮ್ಮ ಮೈಮೇಲೆ ಕಕ್ಕುತ್ತದಲ್ಲ, ಅದಕ್ಕೆ ಯುಗಾದಿಗೆ ಮೊದಲೇ ಬಿಳಿ ಸುಣ್ಣ ಬಳಿದರೆ ಬಿಸಿಲು ಅಲ್ಲಿಂದಲೇ ವಾಪಸ್ ಹೋಗುತ್ತದೆ. ಹಿಂದೆ ನಮ್ಮ ಕಡೆ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುತ್ತಿತ್ತು. ಮಟಮಟ ಮಧ್ಯಾಹ್ನ ಒಳಗೆ ಕಾಲಿಟ್ಟರೆ ತಂಪು. ಎಸಿ ಹಾಕಲೇಬೇಕೆಂದರೆ 20ರ ಬದಲು 26ಕ್ಕೆ ಇಡಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

ಮನೆ ಕಟ್ಟಿಸುವವರಿಗೆ ಒಂದು ಮಾತು, ಇದು ನನಗೆ ಬಹಳ ಮನಸ್ಸಿಗೆ ಹತ್ತಿದ್ದು. ಶುದ್ಧ ಸುಣ್ಣದ ಕಲ್ಲು 100 ಕೆಜಿ ಸುಟ್ಟರೆ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಒಲೆಗೆ ಹಾಕಿದ ಕಲ್ಲಿದ್ದಲಿನ ಹೊಗೆ ಬಿಟ್ಟು, ಬರೀ ಕಲ್ಲಿನೊಳಗಿಂದಲೇ ಇಷ್ಟು. ಸಿಮೆಂಟ್ ಆಗುವುದು ಹೀಗೆ. ಅದೇ ಜಾತಿಯ ಕಲ್ಲನ್ನು ಸುಡದೆ, ಸೀಳಿ, ಪಾಲಿಶ್ ಮಾಡಿ ನೆಲಕ್ಕೆ ಹಾಸಿದರೆ ಅದು ಶಹಾಬಾದ್ ಫರಸಿ. ಒಳಗಿದ್ದದ್ದು ಒಳಗೇ ಇರುತ್ತದೆ. ನಾವು ಅದನ್ನು ಬಿಟ್ಟು ಗುಜರಾತಿನ ಮೋರ್ಬಿಯಲ್ಲಿ ಭಟ್ಟಿಯಲ್ಲಿ ಬೇಯಿಸಿದ ಟೈಲ್ಸ್ ಲಾರಿಯಲ್ಲಿ ತರಿಸುತ್ತೇವೆ. ಫರಸಿ ಮೇಲೆ ಬ್ಯಾಸಿಗೆ ಮಧ್ಯಾಹ್ನ ಬರಿಗಾಲಲ್ಲಿ ನಿಂತವರಿಗೆ ಅದರ ತಂಪು ಗೊತ್ತು.

ಕಾರಿದ್ದವರು ಬೀದರಕ್ಕೆ ಹೋಗುವಾಗಲಾದರೂ ರೈಲು ಹತ್ತಲಿ. 2017ರಿಂದ ಸೀದಾ ಹಳಿ ಇದೆ. ಲೀಟರ್ ಪೆಟ್ರೋಲ್ ಉರಿದರೆ 2.3 ಕೆಜಿ, ಹೋಗಿ ಬರುವ 220 ಕಿಲೋಮೀಟರಿಗೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ.

ನಮ್ಮ ಮನೆಯವರು ಕೇಳಿದರು: "ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿ ಅವ, ಶಕ್ತಿನಗರದಾಗ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡ್ತಾರ. ನೀವು 22 ಮಂದಿ ಏನ್ ಮಾಡ್ತೀರಿ?" ಪ್ರಶ್ನೆ ಸರಿ ಇದೆ. ಆದರೆ ಆ ಸಿಮೆಂಟು, ಆ ಕರೆಂಟು ಬಂದು ಸೇರುವುದು ನನ್ನಂಥವರ ಮನೆಗೇ. ಮತ್ತೆ, ತನ್ನ ಮನೆಯ ಲೆಕ್ಕ ಬರೆದಿಟ್ಟ ಹೆಣ್ಣುಮಗಳು ನಾಳೆ ವಾರ್ಡ್ ಸಭೆಗೆ ಹೋಗಿ ಬಸ್ ಸ್ಟಾಪಿಗೆ ನೆರಳು ಕೊಡಿ, ಸಿಟಿ ಬಸ್ ಹೆಚ್ಚು ಬಿಡಿ ಅಂತ ಕೇಳಿದರೆ ಆ ಮಾತಿಗೆ ತೂಕ ಬರುತ್ತದೆ.

ಹೊಗೆಯ ಮಾತೂ ಬಿಡಬಾರದು. ರೊಟ್ಟಿ ಅಕ್ಕನ ಕಣ್ಣು, ಎದೆ ಆ ಒಲೆಯಿಂದ ಹಾಳಾಗುತ್ತಿರುವುದು ನಿಜ. ಅದಕ್ಕೆ ಪರಿಹಾರ ಆಕೆಯ ಸಹಿ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಎಂದೋ ರೂಪಿಸಿಕೊಟ್ಟ ಅಸ್ತ್ರ ಒಲೆಯಂಥದ್ದು, ಕಡಿಮೆ ಕಟ್ಟಿಗೆ, ಹೊಗೆ ಕೊಳವೆಯಿಂದ ಹೊರಗೆ. ಅಂಥದ್ದೊಂದನ್ನು ಕಟ್ಟಿಸಲು ಸಂಘದ ಉಳಿತಾಯದಿಂದ ದುಡ್ಡು ತೆಗೆಯೋಣ, ಎಸಿ ಇರುವ ನಾವು ಆರು ಮನೆಯವರು ಅದನ್ನು ತುಂಬೋಣ. ಗುರುವಾರದ ಸಭೆಯಲ್ಲಿ ಇದನ್ನೇ ಹೇಳುವವಳಿದ್ದೇನೆ.

ಅಚ್ಚು ಹಾಕಿಸಿದ ಹಾಳೆ ಪಕ್ಕಕ್ಕಿಡೋಣ. ಉಳಿತಾಯದ ವಹಿಯಲ್ಲೇ ಇನ್ನೊಂದು ಗೆರೆ ಎಳೆದು, ಪ್ರತಿ ತಿಂಗಳು ಅವರವರ ಮೀಟರ್ ಓದಿ ಯೂನಿಟ್ ಬರೆಯೋಣ, ಎಲ್ಲರ ಮುಂದೆ, ಗಟ್ಟಿಯಾಗಿ. ನನ್ನ ಹೆಸರಿನಿಂದಲೇ ಶುರುವಾಗಲಿ. ಹೋದ ಮೇ ತಿಂಗಳ ಬಿಲ್ಲು ಹುಡುಕಿ ತೆಗೆದಿಟ್ಟಿದ್ದೇನೆ, 412 ಯೂನಿಟ್. ಸುಣ್ಣ ಬಳಿಯುವವರಿಗೂ ಹೇಳಿ ಕಳಿಸಿದ್ದೇನೆ, ಸೋಮವಾರ ಬರುತ್ತಾರೆ.